ಜಾನ್ ನ್ಯೂಟನ್

ಈ ಲೇಖನ ಇಂಗ್ಲೆಂಡಿನ ಪಾದ್ರಿ ಹಾಗೂ ಸ್ತೋತ್ರಗೀತೆಗಳ ಕರ್ತೃವನ್ನು ಕುರಿತದ್ದು. ವಿಜ್ಞಾನಿಯ ಬಗ್ಗೆ ತಿಳಿಯಲು ಐಸಾಕ್ ನ್ಯೂಟನ್ ಲೇಖನವನ್ನು ನೋಡಿ.

ಜಾನ್ ನ್ಯೂಟನ್ (1725–1807) ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಸ್ತೋತ್ರಗೀತೆಗಳ ರಚನಕಾರ ಮತ್ತು ಗುಲಾಮರ ವ್ಯಾಪಾರದ ವಿರೋಧಿ. ಪಾದ್ರಿಯಾಗುವ ಮೊದಲು ಈತ ನಾವಿಕನಾಗಿದ್ದ. ಆಫ್ರಿಕದಿಂದ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನೂ ಆಗಿದ್ದ. ಅಮೇಜಿಂಗ್ ಗ್ರೇಸ್ ಎಂಬ ಪ್ರಸಿದ್ಧ ಗೀತೆ ಈತನದು. 1748ರ ಬಿರುಗಾಳಿಯೊಂದರಲ್ಲಿ ದೇವರು ತನ್ನನ್ನು ಉಳಿಸಿದನೆಂದು ನಂಬಿದ ನ್ಯೂಟನ್, ಆ ದಿನವನ್ನು ಪ್ರತಿವರ್ಷವೂ ಪ್ರಾರ್ಥನೆಯಿಂದ ನೆನೆಯುತ್ತ ಐವತ್ತಕ್ಕೂ ಹೆಚ್ಚು ವರ್ಷ ಬಾಳಿದ. ಈ ಸ್ಮರಣೆಯೇ ಅವನ ಬೋಧನೆ, ಗೀತೆ ಮತ್ತು ಪತ್ರಗಳ ಮೂಲದ್ರವ್ಯ. ಆದರೆ ತಾನು ಸಾಗಿಸಿದ ಗುಲಾಮರನ್ನು ಇದೇ ಸ್ಮರಣೆಯೊಳಗೆ ತಂದುಕೊಳ್ಳಲು ಅವನಿಗೆ ಬಹಳ ಕಾಲ ಹಿಡಿಯಿತು.

ಬಾಲ್ಯ ಮತ್ತು ಯೌವನ

ನ್ಯೂಟನ್ ಹುಟ್ಟಿದ್ದು ಲಂಡನ್ನಿನ ಥೇಮ್ಸ್ ನದಿಯ ದಂಡೆಯ ವಾಪಿಂಗ್‌ನಲ್ಲಿ, ಹಳೆಯ ಪಂಚಾಂಗದ ಪ್ರಕಾರ 1725ರ ಜುಲೈ 24ರಂದು. ತಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರ ನಡೆಸುತ್ತಿದ್ದ ಹಡಗಿನ ಕಪ್ತಾನ. ತಾಯಿ ಎಲಿಜಬೆತ್ ದೈವಭಕ್ತೆ. ಮಗನಿಗೆ ಬೈಬಲಿನ ಭಾಗಗಳನ್ನೂ ಐಸಾಕ್ ವಾಟ್ಸ್‌ನ ಮಕ್ಕಳ ಗೀತೆಗಳನ್ನೂ ಬಾಯಿಪಾಠ ಮಾಡಿಸಿದ್ದಳು. ಮಗನಿಗೆ ಏಳು ತುಂಬುವ ಕೆಲವೇ ದಿನ ಮೊದಲು ಆಕೆ ಕ್ಷಯರೋಗದಿಂದ ತೀರಿಕೊಂಡಳು. ತಂದೆ ಮರುಮದುವೆಯಾದ. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗ ತಂದೆಯೊಂದಿಗೆ ಸಮುದ್ರಕ್ಕಿಳಿದ.

1742ರ ಡಿಸೆಂಬರಿನಲ್ಲಿ ಕೆಂಟ್ ಪ್ರಾಂತದ ಚಾಟಮ್‌ನಲ್ಲಿ ತಾಯಿಯ ಗೆಳತಿಯ ಮನೆಗೆ ಹೋದಾಗ ಆ ಮನೆಯ ಮಗಳು ಮೇರಿ ಕ್ಯಾಟ್ಲೆಟ್ಟಳನ್ನು ಕಂಡು ಅನುರಕ್ತನಾದ. ಅವಳ ನೆನಪೊಂದೇ ಮುಂದಿನ ದುರ್ದಿನಗಳಲ್ಲಿ ತನ್ನನ್ನು ಆತ್ಮಹತ್ಯೆಯಿಂದ ತಡೆಯಿತೆಂದು ಅವನು ನಂಬಿದ್ದ.

1744ರಲ್ಲಿ ನೌಕಾಪಡೆಯವರು, ಆಗಿನ ರೂಢಿಯಂತೆ, ಅವನನ್ನು ಬಲವಂತವಾಗಿ ಹಿಡಿದು ಹಾರ್ವಿಚ್ ಎಂಬ ಯುದ್ಧನೌಕೆಗೆ ಸೇರಿಸಿದರು. ತಾಯಿ ಕಲಿಸಿದ ನಂಬಿಕೆ ಅಲ್ಲಿ ಪೂರ್ತಿ ಕಳಚಿತು. ಹಡಗಿನಿಂದ ತಪ್ಪಿಸಿಕೊಂಡು ಓಡಿದ ನ್ಯೂಟನ್ ಸಿಕ್ಕಿಬಿದ್ದು ಎಲ್ಲರೆದುರು ಚಾಟಿಯೇಟು ತಿಂದ. ಇದ್ದ ಸಣ್ಣ ಹುದ್ದೆಯೂ ಹೋಯಿತು. ಮದೀರ ದ್ವೀಪದ ಬಳಿ ಅವನನ್ನು ಆಫ್ರಿಕಕ್ಕೆ ಹೊರಟಿದ್ದ ಬೇರೊಂದು ಹಡಗಿಗೆ ವರ್ಗಾಯಿಸಲಾಯಿತು.

ಆಫ್ರಿಕದ ತೀರದಲ್ಲಿ

ಸಿಯೆರ ಲಿಯೋನ್ ತೀರದ ಪ್ಲಾಂಟೇನ್ ದ್ವೀಪಗಳಲ್ಲಿ ನ್ಯೂಟನ್ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆ ನಿಂತ. ಕಾಯಿಲೆ ಬಿದ್ದಾಗ ವ್ಯಾಪಾರಿಯ ಆಫ್ರಿಕನ್ ಪತ್ನಿ ಅವನನ್ನು ಹಸಿವಿನಲ್ಲಿ ಕೆಡವಿದಳು. ಕಳ್ಳತನದ ಆರೋಪ ಹೊತ್ತಾಗ ಹಡಗಿನ ಮೇಲೆ ಸರಪಳಿಯಲ್ಲಿ ಬಂಧಿಯಾದ. ಗುಲಾಮರೇ ತಮ್ಮ ಪಾಲಿನ ಅನ್ನದಲ್ಲಿ ಕದ್ದುಮುಚ್ಚಿ ಅವನಿಗೆ ಕೊಡುತ್ತಿದ್ದರು. ಕೈಯಲ್ಲಿದ್ದ ಒಂದೇ ಪುಸ್ತಕ ಯೂಕ್ಲಿಡನ ರೇಖಾಗಣಿತ. ಅದರ ಆಕೃತಿಗಳನ್ನು ಮರಳಿನ ಮೇಲೆ ಕೋಲಿನಿಂದ ಬರೆದು ಕಲಿತ.

ಇದೇ ಕಾಲದಲ್ಲಿ ನಿಂಬೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾಗ ಯಜಮಾನ ಅವನನ್ನು ಗೇಲಿಮಾಡಿದ: ಈ ಗಿಡಗಳು ಕಾಯಿಬಿಡುವ ಹೊತ್ತಿಗೆ ನೀನು ಊರಿಗೆ ಹೋಗಿ ಹಡಗಿನ ಕಪ್ತಾನನಾಗಿ ಮರಳಿ ಬಂದು ಹಣ್ಣು ಕೀಳಬಹುದು ಎಂಬ ಅರ್ಥದಲ್ಲಿ. ಕೆಲವು ವರ್ಷಗಳ ಬಳಿಕ ಆ ಮಾತು ಅಕ್ಷರಶಃ ನಡೆಯಿತು.

1748ರ ಬಿರುಗಾಳಿ

ಮಗನನ್ನು ಹುಡುಕಿ ಕರೆತರುವಂತೆ ತಂದೆ ಲಿವರ್‌ಪೂಲಿನ ವರ್ತಕ ಜೋಸೆಫ್ ಮಾನೆಸ್ಟಿಯನ್ನು ಕೋರಿದ್ದ. ಮಾನೆಸ್ಟಿಯ ಗ್ರೇಹೌಂಡ್ ಎಂಬ ಹಡಗಿನವರು ನ್ಯೂಟನ್ನನನ್ನು ಪತ್ತೆಮಾಡಿ ಕರೆದುಕೊಂಡರು. ಅದು ಗುಲಾಮರ ಹಡಗಲ್ಲ. ಅದರಲ್ಲಿದ್ದದ್ದು ಚಿನ್ನ, ದಂತ, ಜೇನುಮೇಣ ಮತ್ತು ಬಣ್ಣಕ್ಕೆ ಬಳಸುವ ಮರ. ಪ್ರಯಾಣದುದ್ದಕ್ಕೂ ನ್ಯೂಟನ್ನನ ದೇವದೂಷಣೆ ಕೇಳಿ ಒರಟು ಕಪ್ತಾನನೇ ಬೇಸತ್ತಿದ್ದ.

ಮಾರ್ಚ್ 9ರಂದು ಹೊತ್ತು ಕಳೆಯಲು ನ್ಯೂಟನ್ ತಾಮಸ್ ಅ ಕೆಂಪಿಸನ ಭಕ್ತಿಗ್ರಂಥವನ್ನು ಕೈಗೆತ್ತಿಕೊಂಡ. ಇದೆಲ್ಲ ನಿಜವಾಗಿದ್ದರೆ ತನ್ನ ಗತಿಯೇನು ಎಂಬ ಯೋಚನೆ ಹೊಕ್ಕೊಡನೆ ಪುಸ್ತಕ ಮುಚ್ಚಿದ. ಅಂದು ರಾತ್ರಿ ಎದ್ದ ಅಲೆ ಹಡಗಿನ ಒಂದು ಪಕ್ಕವನ್ನು ಸೀಳಿಹಾಕಿತು. ಮೇಲಕ್ಕೆ ಓಡುತ್ತಿದ್ದ ನ್ಯೂಟನ್ನನನ್ನು ಕಪ್ತಾನ ಚಾಕು ತರಲು ಹಿಂದಕ್ಕೆ ಕಳಿಸಿದ. ಅವನ ಬದಲು ಮೇಲೆ ಹೋದವನನ್ನು ಅಲೆ ಕೊಚ್ಚಿಕೊಂಡು ಹೋಯಿತು. ನಸುಕಿನ ಮೂರು ಗಂಟೆಯಿಂದ ಮಧ್ಯಾಹ್ನದವರೆಗೆ ಅವನು ಪಂಪು ಒತ್ತಿ ನೀರು ಹೊರಹಾಕಿದ. ಆ ನಡುವೆ, ಇದೂ ಆಗದಿದ್ದರೆ ದೇವರೇ ಕರುಣೆ ತೋರಬೇಕು ಎಂಬರ್ಥದ ಮಾತು ಯೋಚಿಸದೆಯೇ ಬಾಯಿಂದ ಬಂತು. ಎಷ್ಟೋ ವರ್ಷಗಳ ನಂತರ ಆಡಿದ ಆ ಮಾತು ಅವನನ್ನೇ ಬೆಚ್ಚಿಬೀಳಿಸಿತು: ತನ್ನಂಥವನಿಗೆ ಯಾವ ಕರುಣೆ? ಒಂದು ಗಂಟೆಯಿಂದ ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದು ನಿಂತಾಗ, ಬಾಲ್ಯದಲ್ಲಿ ಕಲಿತ ಬೈಬಲಿನ ವಚನಗಳು ಒಂದೊಂದಾಗಿ ನೆನಪಿಗೆ ಬಂದವು. ಹೆಚ್ಚಿನವು ಅವನನ್ನು ಖಂಡಿಸುವಂಥವೇ. ಸಂಜೆಯ ಹೊತ್ತಿಗೆ ನೀರು ಇಳಿಯುತ್ತಿರುವ ಸುದ್ದಿ ಕೇಳಿ ಪ್ರಾರ್ಥಿಸತೊಡಗಿದ.

ಹಡಗು ಮುಳುಗದಿರಲು ಲೌಕಿಕ ಕಾರಣವೂ ಇತ್ತು: ಮೇಣ ಮತ್ತು ಮರ ನೀರಿಗಿಂತ ಹಗುರ. ಸುಮಾರು ನಾಲ್ಕು ವಾರ ಅರೆಹೊಟ್ಟೆಯಲ್ಲಿ ತೇಲಿ, ಕೊನೆಯ ಆಹಾರ ಒಲೆಯ ಮೇಲಿದ್ದಾಗ, ಹಡಗು ಐರ್ಲೆಂಡಿನ ಲಾಕ್ ಸ್ವಿಲಿ ಸೇರಿತು. ಅಷ್ಟರಲ್ಲಿ ಕಪ್ತಾನ ಅವನನ್ನು ಯೋನನೆಂದು ಕರೆದು, ಸಮುದ್ರಕ್ಕೆ ಎಸೆದರೆ ಎಲ್ಲರೂ ಉಳಿಯಬಹುದೆಂದು ಮತ್ತೆ ಮತ್ತೆ ಹೇಳಿದ್ದ.

ಬಿರುಗಾಳಿಯ ದಿನ ಮಾರ್ಚ್ 10. ಇಂಗ್ಲೆಂಡ್ 1752ರಲ್ಲಿ ಪಂಚಾಂಗ ಬದಲಿಸಿ ಹನ್ನೊಂದು ದಿನ ಕಳೆದದ್ದರಿಂದ ಅದು ಮಾರ್ಚ್ 21 ಆಯಿತು. ನ್ಯೂಟನ್ ವಾರ್ಷಿಕವಾಗಿ ಆಚರಿಸಿದ್ದು ಈ ದಿನವನ್ನೇ.

ಮರೆವು ಮತ್ತು ಮರುಸ್ಮರಣೆ

ಬಿರುಗಾಳಿಯಲ್ಲಿ ನ್ಯೂಟನ್ ಒಮ್ಮೆಲೇ ಸಂತನಾದನೆಂಬ ಜನಪ್ರಿಯ ಕಥನ ಸರಿಯಲ್ಲ. ಆಗ ತಾನು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಅದೇ ವರ್ಷ ಬ್ರೌನ್‌ಲೋ ಎಂಬ ಗುಲಾಮರ ಹಡಗಿನ ಪ್ರಧಾನ ಸಹಾಯಕನಾಗಿ ಆಫ್ರಿಕಕ್ಕೆ ಹೊರಟಾಗ, ತೀರ ಮುಟ್ಟುವಷ್ಟರಲ್ಲಿ ಕೊಟ್ಟ ಮಾತು, ಪಡೆದ ಉಪಕಾರ ಎರಡನ್ನೂ ಮರೆತು ಹಳೆಯ ಚಾಳಿಗೆ ಬಿದ್ದಿದ್ದ. ಪ್ಲಾಂಟೇನ್ ದ್ವೀಪಗಳಲ್ಲಿ ತೀವ್ರ ಜ್ವರ ಬಂತು. ಹಿಂದೆ ತಾನು ದೀನನಾಗಿ ಬಿದ್ದಿದ್ದ ಅದೇ ನೆಲದಲ್ಲಿ ಹಾಸಿಗೆಯಿಂದೆದ್ದು, ತೆವಳುತ್ತ ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ. ಆ ಮೇಲೆ ಪೂರ್ತಿ ಹಿಂದಕ್ಕೆ ಜಾರಲಿಲ್ಲವೆಂಬುದು ಅವನ ಸಾಕ್ಷ್ಯ. ಬಿರುಗಾಳಿಗಿಂತ ಈ ಎರಡನೆಯ ಘಟನೆಯೇ ಅವನ ಮುಂದಿನ ಬದುಕನ್ನು ಅರಿಯಲು ಹೆಚ್ಚು ಸಹಾಯಕ. ಒಮ್ಮೆ ಕಂಡ ಕೃಪೆಯೂ ಮರೆತುಹೋಗಬಲ್ಲದೆಂಬುದನ್ನು ಅವನು ಕಲಿತದ್ದು ಇಲ್ಲಿ. ದಿನಚರಿ ಬರೆಯುವುದು, ವಾರ್ಷಿಕ ದಿನಗಳನ್ನು ಆಚರಿಸುವುದು, ಗೋಡೆಯ ಮೇಲೆ ವಚನ ಬರೆಸುವುದು ಎಲ್ಲವೂ ಈ ಭಯದಿಂದ ಹುಟ್ಟಿದ ಅಭ್ಯಾಸಗಳು.

1750ರ ಫೆಬ್ರವರಿಯಲ್ಲಿ ಮೇರಿಯನ್ನು ಮದುವೆಯಾದ. ಅದೇ ವರ್ಷ ಡ್ಯೂಕ್ ಆಫ್ ಆರ್ಗೈಲ್ ಹಡಗಿನ ಕಪ್ತಾನನಾದ. ಅನಂತರ ಆಫ್ರಿಕನ್ ಎಂಬ ಹಡಗಿನಲ್ಲಿ ಎರಡು ಬಾರಿ ಹೋದ. ಹೀಗೆ ಗುಲಾಮರ ಹಡಗಿನ ಕಪ್ತಾನನಾಗಿ ಮೂರು ಯಾನ ಮಾಡಿದ್ದು ಮನಃಪರಿವರ್ತನೆಯ ನಂತರವೇ. ಭಾನುವಾರಗಳಂದು ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದ, ಹೆಂಡತಿಗೆ ಪ್ರೇಮಪತ್ರ ಬರೆಯುತ್ತಿದ್ದ. ಅದೇ ಹಡಗಿನ ಕೆಳ ಅಂತಸ್ತಿನಲ್ಲಿ ಸರಪಳಿ ತೊಟ್ಟ ಮನುಷ್ಯರಿದ್ದರು. ದಂಗೆಯ ಸಂಶಯದ ಮೇಲೆ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಉಪಕರಣದಿಂದ ಹಿಂಡಿಸಿ ತಪ್ಪೊಪ್ಪಿಸಿದ್ದನ್ನು 1752ರ ಡಿಸೆಂಬರಿನಲ್ಲಿ ಹಡಗಿನ ದಿನಚರಿಯಲ್ಲಿ ನಿರ್ವಿಕಾರವಾಗಿ ದಾಖಲಿಸಿದ್ದಾನೆ. ಈ ಕಸುಬು ಪಾಪವೆಂದು ಆಗ ಅವನಿಗೆ ಅನ್ನಿಸಿರಲಿಲ್ಲ. 1754ರಲ್ಲಿ ಮುಂದಿನ ಯಾನಕ್ಕೆ ಹೊರಡುವ ಮುನ್ನ ಮೂರ್ಛೆ ಬಂದು ವೈದ್ಯರ ಸಲಹೆಯಂತೆ ಸಮುದ್ರಯಾನ ಬಿಟ್ಟ; ಕಾರಣ ಆರೋಗ್ಯವೇ ಹೊರತು ಧರ್ಮಸಂಕಟವಲ್ಲ.

ಲಿವರ್‌ಪೂಲಿನಿಂದ ಓಲ್ನಿಗೆ

1755ರಿಂದ ಲಿವರ್‌ಪೂಲ್ ಬಂದರಿನ ಸುಂಕದ ಅಧಿಕಾರಿಯಾಗಿದ್ದು, ಬಿಡುವಿನಲ್ಲಿ ಗ್ರೀಕ್, ಹೀಬ್ರೂ, ಸಿರಿಯಾಕ್ ಭಾಷೆಗಳನ್ನು ಸ್ವಂತವಾಗಿ ಕಲಿತ. 1758ರಲ್ಲಿ ಪಾದ್ರಿಯಾಗಲು ಅರ್ಜಿ ಹಾಕಿದಾಗ ವಿಶ್ವವಿದ್ಯಾಲಯದ ಪದವಿಯಿಲ್ಲದ, ಮೆಥಡಿಸ್ಟರೊಡನೆ ಒಡನಾಡುವ ಈ ಮಾಜಿ ನಾವಿಕನಿಗೆ ದೀಕ್ಷೆ ಸಿಗಲಿಲ್ಲ. ಆರು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ತನ್ನ ಪೂರ್ವವೃತ್ತಾಂತವನ್ನು ಪತ್ರರೂಪದಲ್ಲಿ ಬರೆದ. ಅದನ್ನು ಓದಿದ ಲಾರ್ಡ್ ಡಾರ್ಟ್‌ಮತ್‌ನ ಬೆಂಬಲದಿಂದ 1764ರಲ್ಲಿ ದೀಕ್ಷೆ ಪಡೆದು ಬಕಿಂಗ್‌ಹ್ಯಾಮ್‌ಶೈರ್‌ನ ಓಲ್ನಿಗೆ ಬಂದ. ಪತ್ರಗಳು ಅದೇ ವರ್ಷ ಪುಸ್ತಕವಾದವು. ಬಿರುಗಾಳಿಯನ್ನು ಇಷ್ಟು ವಿವರವಾಗಿ ನೆನೆದ ಆ ಪುಸ್ತಕ ಗುಲಾಮರ ಸಂಕಟದ ಬಗ್ಗೆ ಬಹುಮಟ್ಟಿಗೆ ಮೌನವಾಗಿದೆ.

ಓಲ್ನಿ ಬಡವರ ಊರು. ಹೆಚ್ಚಿನವರು ಮನೆಯಲ್ಲಿ ಲೇಸ್ ಹೆಣೆದು ಬದುಕುತ್ತಿದ್ದರು. ನ್ಯೂಟನ್ನನ ಸಂಬಳ ವರ್ಷಕ್ಕೆ 60 ಪೌಂಡ್. ವರ್ತಕ ಜಾನ್ ಥಾರ್ನ್‌ಟನ್ ಅತಿಥಿಸತ್ಕಾರಕ್ಕೆಂದೇ ವರ್ಷಕ್ಕೆ 200 ಪೌಂಡ್ ಕಳಿಸುತ್ತಿದ್ದ. ನಾವಿಕನ ಅಂಗಿ ತೊಟ್ಟು ಮನೆಮನೆಗೆ ಹೋಗುವ ಪಾದ್ರಿಯನ್ನು ಜನ ಬೇಗ ಹಚ್ಚಿಕೊಂಡರು. ಪಾದ್ರಿನಿವಾಸದ ಅಟ್ಟದ ಓದುಕೋಣೆಯಲ್ಲಿ ಅಗ್ಗಿಷ್ಟಿಕೆಯ ಮೇಲುಗಡೆ ಎರಡು ವಚನಗಳನ್ನು ಬಣ್ಣದಲ್ಲಿ ಬರೆಸಿದ್ದ. ಒಂದು ಯೆಶಾಯನ ಗ್ರಂಥದ 43ನೆಯ ಅಧ್ಯಾಯದ್ದು. ಇನ್ನೊಂದು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದ್ದು. ಐಗುಪ್ತದಲ್ಲಿ ಗುಲಾಮರಾಗಿದ್ದು ದೇವರಿಂದ ಬಿಡುಗಡೆ ಹೊಂದಿದ್ದನ್ನು ಮರೆಯಬಾರದೆಂದು ಇಸ್ರಾಯೇಲರಿಗೆ ಆಜ್ಞಾಪಿಸುವ ವಚನ ಅದು. ಮೂಲದಲ್ಲಿ ಅದು ಬರುವುದು ಗುಲಾಮನನ್ನು ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳಿಸಬಾರದೆಂಬ ವಿಧಿಯ ಜೊತೆಯಲ್ಲಿ ಎಂಬುದು ಗಮನಾರ್ಹ.

ಅಮೇಜಿಂಗ್ ಗ್ರೇಸ್

ಕವಿ ವಿಲಿಯಂ ಕೂಪರ್ 1767ರಲ್ಲಿ ಓಲ್ನಿಗೆ ಬಂದು ನೆಲೆಸಿದ. ಮನೋವ್ಯಾಧಿಯಿಂದ ನರಳುತ್ತಿದ್ದ ಅವನಿಗೆ ನ್ಯೂಟನ್ ಆಪ್ತಮಿತ್ರನಾದ. ಇಬ್ಬರೂ ಸೇರಿ ಪ್ರಾರ್ಥನಾಕೂಟಗಳಿಗಾಗಿ ಬರೆದ ಗೀತೆಗಳು 1779ರಲ್ಲಿ ಓಲ್ನಿ ಹಿಮ್ಸ್ ಎಂಬ ಸಂಕಲನವಾದವು. ಇದರಲ್ಲಿ 348 ಗೀತೆಗಳಿದ್ದು ಹೆಚ್ಚಿನವು ನ್ಯೂಟನ್ನನವು.

ಅಮೇಜಿಂಗ್ ಗ್ರೇಸ್ ಗೀತೆಯನ್ನು ಹಡಗಿನ ಮೇಲೆ ಬರೆದನೆಂಬ ಕಥೆಗೆ ಆಧಾರವಿಲ್ಲ. ಅದು 1773ರ ಹೊಸವರ್ಷದ ದಿನದ ಪ್ರಸಂಗಕ್ಕಾಗಿ ಸಿದ್ಧವಾದದ್ದು. ಅಂದರೆ ಬಿರುಗಾಳಿಯ ಸುಮಾರು ಇಪ್ಪತ್ತೈದು ವರ್ಷಗಳ ನಂತರ. ಅಂದಿನ ಪ್ರಸಂಗದ ಆಧಾರ ಪೂರ್ವಕಾಲವೃತ್ತಾಂತ ಪ್ರಥಮಭಾಗದ 17ನೆಯ ಅಧ್ಯಾಯ: ದೇವರು ತನ್ನನ್ನು ಇಲ್ಲಿಯವರೆಗೆ ನಡೆಸಿ ತಂದದ್ದನ್ನು ನೆನೆದು ಬೆರಗಾಗುವ ದಾವೀದನ ಪ್ರಾರ್ಥನೆ. ಸಂಕಲನದಲ್ಲಿ ಗೀತೆಗೆ ಕೊಟ್ಟಿರುವ ಶೀರ್ಷಿಕೆಯ ಅರ್ಥ, ವಿಶ್ವಾಸದ ಹಿನ್ನೋಟ ಮತ್ತು ನಿರೀಕ್ಷೆ ಎಂದು. ಗೀತೆಯ ಚಲನೆಯೂ ಅದೇ: ಕಳೆದ ಅಪಾಯಗಳ ಸ್ಮರಣೆಯಿಂದ ಮುಂದಿನ ಭರವಸೆಗೆ. ಅದನ್ನು ಕೇಳಿದ ಕೆಲವೇ ದಿನಗಳಲ್ಲಿ ಕೂಪರ್ ಮತ್ತೆ ತೀವ್ರ ಖಿನ್ನತೆಗೆ ಜಾರಿ, ದೇವರು ತನ್ನನ್ನು ಕೈಬಿಟ್ಟನೆಂದು ನಂಬಿದ. ಗೆಳೆಯನ ಬಾಳಿಗೆ ಆಸರೆಯಾದ ಹಿನ್ನೋಟ ಅವನಿಗೆ ಆಸರೆಯಾಗಲಿಲ್ಲ. ನ್ಯೂಟನ್ ದಂಪತಿ ಅವನನ್ನು ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿಟ್ಟುಕೊಂಡು ಶುಶ್ರೂಷೆ ಮಾಡಿದರು.

ಇಂಗ್ಲೆಂಡಿನಲ್ಲಿ ಗೀತೆ ಬಹುಕಾಲ ಅಜ್ಞಾತವಾಗಿತ್ತು. ಈಗಿನ ಜನಪ್ರಿಯ ಧಾಟಿಗೆ ಅದನ್ನು ಹೊಂದಿಸಿದ್ದು 1835ರಲ್ಲಿ ಅಮೆರಿಕದ ವಿಲಿಯಂ ವಾಕರ್. ಇಂದು ಕೊನೆಯದಾಗಿ ಹಾಡುವ ಚರಣ ನ್ಯೂಟನ್ನನ ರಚನೆಯಲ್ಲ.

ಲಂಡನ್: ತಡವಾಗಿ ಬಂದ ಒಪ್ಪಿಗೆ

1780ರಲ್ಲಿ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿನ ಪಾದ್ರಿಯಾಗಿ ಬಂದ. 1785ರ ಡಿಸೆಂಬರಿನಲ್ಲಿ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಗುಟ್ಟಾಗಿ ಭೇಟಿಮಾಡಿ, ರಾಜಕೀಯ ಬಿಡಬೇಕೇ ಎಂದು ಕೇಳಿದಾಗ, ಬಿಡಬೇಡವೆಂದು ನ್ಯೂಟನ್ ಸಲಹೆಯಿತ್ತ. ಭಾರತಕ್ಕೆ ಬಂದು ಕೇರಳದ ಸುರಿಯಾನಿ ಕ್ರೈಸ್ತರ ಬಗ್ಗೆ ಬರೆದ ಕ್ಲಾಡಿಯಸ್ ಬುಕಾನನ್ ಕೂಡ ಈತನ ಪ್ರಭಾವಕ್ಕೆ ಒಳಗಾದವನೇ.

ಹಡಗಿನ ಕಸುಬು ಬಿಟ್ಟ ಮೂವತ್ತನಾಲ್ಕು ವರ್ಷಗಳ ಬಳಿಕ, 1788ರಲ್ಲಿ, ಆಫ್ರಿಕದ ಗುಲಾಮರ ವ್ಯಾಪಾರದ ಬಗ್ಗೆ ನ್ಯೂಟನ್ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ. ತನ್ನ ತಪ್ಪೊಪ್ಪಿಗೆ ತಡವಾಗಿ ಬಂದಿದೆಯೆಂದೂ, ಈಗ ನೆನೆದರೆ ಎದೆ ನಡುಗುವ ಕಸುಬಿನಲ್ಲಿ ತಾನೇ ಪಾಲುಗೊಂಡಿದ್ದೆನೆಂದೂ ಅದರಲ್ಲಿ ಹೇಳಿಕೊಂಡ. ಮಲಗಲೂ ಜಾಗವಿಲ್ಲದಂತೆ ಕಪಾಟಿನ ಪುಸ್ತಕಗಳ ಹಾಗೆ ಒತ್ತಿ ಜೋಡಿಸಿದ ದೇಹಗಳು, ರೋಗ, ಸಾವು, ಚಾಟಿ, ಹೆಬ್ಬೆರಳಿನ ತಿರುಪು, ಹೆಂಗಸರ ಮೇಲಿನ ದೌರ್ಜನ್ಯ: ಮೊದಲ ಪುಸ್ತಕ ಬಿಟ್ಟದ್ದೆಲ್ಲ ಇಲ್ಲಿ ಬಂತು. ಪ್ರಿವಿ ಕೌನ್ಸಿಲ್ ಮುಂದೆಯೂ 1790ರಲ್ಲಿ ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಸಾಕ್ಷಿ ನುಡಿದ. ವ್ಯಾಪಾರವನ್ನು ಒಳಗಿನಿಂದ ಕಂಡಿದ್ದ ಪಾದ್ರಿಯ ಮಾತನ್ನು ತಳ್ಳಿಹಾಕುವುದು ವಿರೋಧಿಗಳಿಗೆ ಸುಲಭವಿರಲಿಲ್ಲ. ಇಷ್ಟು ತಡವೇಕೆ ಎಂಬ ಪ್ರಶ್ನೆ ಮಾತ್ರ ಅವನ ಜೀವನಚರಿತ್ರಕಾರರನ್ನು ಇಂದಿಗೂ ಬಿಟ್ಟಿಲ್ಲ.

ಕೊನೆಯ ವರ್ಷಗಳು

1790ರ ಡಿಸೆಂಬರ್ 15ರಂದು ಮೇರಿ ತೀರಿಕೊಂಡಳು. ಆಕೆಗೆ ಬರೆದ ಪತ್ರಗಳನ್ನು ನ್ಯೂಟನ್ 1793ರಲ್ಲಿ ಪ್ರಕಟಿಸಿದ. ದೃಷ್ಟಿ, ಶ್ರವಣ, ನೆನಪು ಒಂದೊಂದಾಗಿ ಕುಂದಿದರೂ ಎಂಬತ್ತು ದಾಟುವವರೆಗೆ ಪ್ರಸಂಗ ಮಾಡುವುದನ್ನು ನಿಲ್ಲಿಸಲಿಲ್ಲ. ನೆನಪು ಬಹುತೇಕ ಅಳಿದರೂ ತಾನು ಮಹಾಪಾಪಿ, ಕ್ರಿಸ್ತನು ಮಹಾರಕ್ಷಕ ಎಂಬೆರಡು ಸಂಗತಿಗಳು ಉಳಿದಿವೆಯೆಂದು ನೋಡಲು ಬಂದ ಪಾದ್ರಿ ವಿಲಿಯಂ ಜೇಯೊಡನೆ ಹೇಳಿದ.

ದಿನಚರಿಯ ಕೊನೆಯ ಬರಹ 1805ರ ಮಾರ್ಚ್ 21ರದು, ಬಿರುಗಾಳಿಯ ವಾರ್ಷಿಕ ದಿನದ್ದು. ಬರೆಯಲು ಸರಿಯಾಗಿ ಆಗುತ್ತಿಲ್ಲವೆಂದೂ ಆದರೂ ಈ ದಿನವನ್ನು ದೀನತೆಯಿಂದ, ಪ್ರಾರ್ಥನೆ ಮತ್ತು ಸ್ತುತಿಯಿಂದ ಆಚರಿಸಲು ಯತ್ನಿಸುತ್ತಿದ್ದೇನೆಂದೂ ಅದರಲ್ಲಿದೆ.

1807ರ ಮಾರ್ಚ್ 25ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಮಸೂದೆ ಕಾಯಿದೆಯಾಯಿತು. ಅದೇ ವರ್ಷ ಡಿಸೆಂಬರ್ 21ರಂದು ನ್ಯೂಟನ್ ನಿಧನನಾದ. ತನ್ನ ಸಮಾಧಿಲೇಖವನ್ನು ತಾನೇ ಬರೆದಿಟ್ಟಿದ್ದ. ಒಮ್ಮೆ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಗಿದ್ದೆ, ಆಫ್ರಿಕದಲ್ಲಿ ಗುಲಾಮರ ಸೇವಕನಾಗಿದ್ದೆ ಎಂಬುದು ಅದರಲ್ಲಿದೆ, ಕಪ್ತಾನನಾಗಿದ್ದ ಸಂಗತಿ ಇಲ್ಲ. ಸೇಂಟ್ ಮೇರಿ ವುಲ್ನಾತ್‌ನಲ್ಲಿದ್ದ ದಂಪತಿಗಳ ಅವಶೇಷಗಳನ್ನು 1893ರಲ್ಲಿ ಓಲ್ನಿಯ ಚರ್ಚಿನ ಅಂಗಳಕ್ಕೆ ಸಾಗಿಸಿ ಮರುಸಮಾಧಿ ಮಾಡಲಾಯಿತು.