ಮುಮ್ಮಡಿ ಕೃಷ್ಣರಾಜ ಒಡೆಯರು: ಹೆಸರಿನ ಎಣಿಕೆ, ವಂಶದ ಎಣಿಕೆ

ಮೈಸೂರು ಅರಸುಮನೆತನದ ವಂಶಾವಳಿಯಲ್ಲಿ ಚಾಮರಾಜ, ಕೃಷ್ಣರಾಜ ಎಂಬ ಎರಡು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ವಿಶೇಷಣಗಳು ಹೆಸರಿನ ಆವರ್ತನವನ್ನು ಎಣಿಸುತ್ತವೆಯೇ ಹೊರತು ತಲೆಮಾರುಗಳನ್ನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಜೀವನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ದೊಡ್ಡ ಕೃಷ್ಣರಾಜರ (1714–1732) ತರುವಾಯ ಪಟ್ಟಕ್ಕೆ ಬಂದ ಚಾಮರಾಜರು (1732–1734), ಇಮ್ಮಡಿ ಕೃಷ್ಣರಾಜರು (1734–1766) ಇಬ್ಬರೂ ದತ್ತುಪುತ್ರರು. ಇಮ್ಮಡಿಯವರ ಮಕ್ಕಳಾದ ನಂಜರಾಜರೂ (1766–1770) ಬೆಟ್ಟದ ಚಾಮರಾಜರೂ (1770–1776) ಉತ್ತರಾಧಿಕಾರಿಗಳಿಲ್ಲದೆ ತೀರಿಕೊಂಡರು. ಈ ನಂಜರಾಜರೇ ಬೇರೆ, ಗ್ರಂಥಕರ್ತನೆಂದು ಪ್ರಸಿದ್ಧನಾದ ಸರ್ವಾಧಿಕಾರಿ ಕಳಲೆ ನಂಜರಾಜನೇ ಬೇರೆ. ಅನಂತರ ಹೈದರನು ಅರಿಕುಠಾರದ ಅರಸು ಮನೆತನದ ಬಾಲಕನನ್ನು ಆರಿಸಿದನು. ಇಮ್ಮಡಿಯವರ ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ದತ್ತುಪುತ್ರರಾದ ಇವರೇ ಖಾಸಾ ಚಾಮರಾಜರು (1776–1796). ಇವರ ಮಗನೇ ಮುಮ್ಮಡಿ. ಹೀಗಾಗಿ ಇಮ್ಮಡಿಯವರು ಮುಮ್ಮಡಿಯವರಿಗೆ ದತ್ತುಸಂಬಂಧದಿಂದ ಅಜ್ಜ, ಜನ್ಮಸಂಬಂಧದಿಂದಲ್ಲ.

ತಂದೆ ತೀರಿಕೊಂಡಾಗ ಟಿಪ್ಪು ಯಾರಿಗೂ ಪಟ್ಟ ಕಟ್ಟಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಐದು ವರ್ಷದ ಕೃಷ್ಣರಾಜರು ಸಿಂಹಾಸನವೇರಿದರು. ಲಕ್ಷ್ಮಮ್ಮಣ್ಣಿಯವರ ಪೋಷಣೆಯಲ್ಲಿ ಅವರು ಬೆಳೆದರು. ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈವಶ ಮಾಡಿಕೊಂಡರು. ಅಧಿಕಾರವಿದ್ದಾಗಲೂ ಅದು ಕೈತಪ್ಪಿದ ಮೇಲೂ ಮುಮ್ಮಡಿಯವರ ಆಸ್ಥಾನವು ಸಾಹಿತ್ಯಕ್ಕೆ ಆಶ್ರಯವಾಗಿತ್ತು. ಕೆಂಪುನಾರಾಯಣನ ಮುದ್ರಾಮಂಜೂಷ (1823), ಶ್ರೀತತ್ತ್ವನಿಧಿ, ಕೃಷ್ಣರಾಜವಾಣೀವಿಲಾಸ ಈ ಆಸ್ಥಾನದ ಕೊಡುಗೆಗಳು.

ಮುಮ್ಮಡಿಯವರು ಎರಡು ವಂಶಗಳನ್ನೂ ಉಳಿಸಿಕೊಂಡ ಬಗೆ ಗಮನಾರ್ಹ. ಅವರ ಹೆಸರು ದತ್ತುವಂಶದ್ದು. ಆದರೆ ತಂದೆಯ ಜನ್ಮಸ್ಥಳವಾದ ಅರಿಕುಠಾರವನ್ನು ಅವರು ಚಾಮರಾಜನಗರವೆಂದು ಕರೆದರು. ಅಲ್ಲಿ 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅಲ್ಲಿನ ದೇವಿ ಕೆಂಪನಂಜಾಂಬಾ ಎಂಬುದು ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು. ಸಿಂಹಾಸನದ ವಂಶ ಹೆಸರಿನಲ್ಲಿ ಉಳಿದರೆ, ಹುಟ್ಟಿನ ವಂಶ ಊರಿನಲ್ಲಿ, ಕಲ್ಲಿನಲ್ಲಿ ಉಳಿಯಿತು.

ಮುಮ್ಮಡಿಯವರ ಕೊನೆಯ ಹೋರಾಟವೂ ದತ್ತಕಕ್ಕೆ ಸಂಬಂಧಿಸಿದ್ದೇ. ಪಟ್ಟಕ್ಕೆ ಔರಸಪುತ್ರನಿಲ್ಲದ್ದರಿಂದ ರಾಜ್ಯವೇ ಬ್ರಿಟಿಷರ ಪಾಲಾಗುವ ಭೀತಿಯಿತ್ತು. 1865ರಲ್ಲಿ ಅವರು ಚಾಮರಾಜೇಂದ್ರರನ್ನು (1863–1894) ದತ್ತು ಸ್ವೀಕರಿಸಿದರು. 1867ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಮಾನ್ಯ ಮಾಡಿತು. ಮರುವರ್ಷ ಮುಮ್ಮಡಿಯವರು ನಿಧನರಾದರು. 1881ರಲ್ಲಿ ಆಡಳಿತ ಚಾಮರಾಜೇಂದ್ರರಿಗೆ ಮರಳಿತು. ಚಾಮರಾಜೇಂದ್ರರು ಮುಮ್ಮಡಿಯವರ ಮಗಳು ಪುಟ್ಟಮ್ಮಣ್ಣಿಯವರ ಮಗ. ಹೆತ್ತ ತಂದೆಯ ಹೆಸರು ಚಿಕ್ಕ ಕೃಷ್ಣರಾಜ ಅರಸು. ಆದ್ದರಿಂದ ಚಾಮರಾಜರು ಕೃಷ್ಣರಾಜರ ಮಗ ಎಂಬ ಹೇಳಿಕೆ ಇಲ್ಲಿ ಎರಡು ಬಗೆಯಲ್ಲಿ ನಿಜವಾಗುತ್ತದೆ. ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜರು (1884–1940) ಮುಮ್ಮಡಿಯವರಿಗೆ ದತ್ತುಸಂಬಂಧದಿಂದ ಮೊಮ್ಮಗ, ರಕ್ತಸಂಬಂಧದಿಂದ ಮರಿಮಗ.

ಈ ಕಾಲದ ಶಾಸನ, ಅಂಕಿತ, ಆಶ್ರಯದಾತರ ಉಲ್ಲೇಖಗಳನ್ನು ಪರಿಶೀಲಿಸುವಾಗ ಹೆಸರು, ವಿಶೇಷಣಗಳಷ್ಟೇ ಸಾಲವು. ಆಳಿಕೆಯ ವರ್ಷ, ಹೆತ್ತವರು, ದತ್ತು ಪಡೆದವರು ಎಂಬ ಮೂರನ್ನೂ ಜೊತೆಗಿಟ್ಟು ನೋಡಿದಾಗ ಮಾತ್ರ ಒಂದೇ ಹೆಸರಿನ ಹಿಂದಿರುವ ಬೇರೆಬೇರೆ ವ್ಯಕ್ತಿಗಳು ಸ್ಪಷ್ಟವಾಗುತ್ತಾರೆ. ವಂಶದ ಕೊಂಡಿ ಕಳಚಿದೆಡೆಗಳಲ್ಲೂ ಹೆಸರು ಮರುಕಳಿಸಿದೆ ಎಂಬುದೂ ಆಗ ತಿಳಿದುಬರುತ್ತದೆ.