ಗೋಲು ತಡೆದವರನ್ನು ಮರೆತೆವು: ಎರಡು ಒಲಿಂಪಿಕ್ಸ್ ಕಂಡ ಕೆಂಪಯ್ಯ

ಚಳ್ಳಕೆರೆ: ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತೆ. ತಡೆದವರನ್ನು ಕೇಳೋರಿಲ್ಲ. ಬೆಂಗಳೂರಿನ ಮರಿಯಪ್ಪ ಕೆಂಪಯ್ಯ ಅಂಥವರಲ್ಲೊಬ್ಬರು.

ಅವರು ಹಾಫ್‌ಬ್ಯಾಕ್. ಎದುರಾಳಿಯಿಂದ ಚೆಂಡು ಕಸಿದು ಮುಂದಿನವರಿಗೆ ಕೊಡೋದೇ ಕೆಲಸ. ಮೊಳಕಾಲ್ಮೂರು ಸೀರೆಯಲ್ಲಿ ಬುಟ್ಟಾ, ಸೆರಗು ಕಣ್ಣಿಗೆ ಬೀಳುತ್ತೆ. ಅವನ್ನು ಹಿಡಿದಿಟ್ಟ ಹಾಸಿನ ಎಳೆ ಯಾರಿಗೂ ಕಾಣಲ್ಲ. ಇದೂ ಹಾಗೇ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಸೈಯದ್ ಅಬ್ದುಲ್ ರಹೀಂ ಕರೆದೊಯ್ದ ತಂಡದಲ್ಲಿ ಕೆಂಪಯ್ಯ ಇದ್ದರು. ಭಾರತ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಉಳಿಯಿತು. ಸೆಮಿಫೈನಲ್‌ನಲ್ಲಿ ಯುಗೋಸ್ಲಾವಿಯಾ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ವಿರುದ್ಧ ಸೋಲಾಗಿ ಭಾರತಕ್ಕೆ ನಾಲ್ಕನೇ ಸ್ಥಾನ ಸಿಕ್ಕಿತು. ಅದನ್ನು ಇಂದಿಗೂ ದಾಟೋಕಾಗಿಲ್ಲ.

ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್‌ಗೂ ಆಡಿದ ಕೆಂಪಯ್ಯ, 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಭಾರತ ಫ್ರಾನ್ಸ್ ಜತೆ 1-1 ಸಮ ಮಾಡಿಕೊಂಡಿತು. ಹಂಗೇರಿ, ಪೆರು ಎದುರು ಸೋತು ಮೊದಲ ಸುತ್ತಿನಲ್ಲೇ ವಾಪಸಾಯಿತು. ಆಮೇಲೆ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಮೆಟ್ಟಿಲು ಹತ್ತಿಯೇ ಇಲ್ಲ.

ಕೆಂಪಯ್ಯ ಈಗಿಲ್ಲ. ಊರಿನ ಮೈದಾನದಲ್ಲಿ ಎಲ್ಲ ಹುಡುಗರಿಗೂ ಮುಂದೆಯೇ ಆಡಬೇಕು. ಹಿಂದೆ ನಿಲ್ಲೋಕೆ ಒಪ್ಪುವ ಹುಡುಗ ಸಿಕ್ಕರೆ, ಅವನಿಗೆ ಈ ಹೆಸರು ಹೇಳಿ.