ಕಿಟ್ಟೆಲ್ ಅಯ್ಯನವರ ಜೀವಿತವೂ ನಮ್ಮ ಹಬ್ಬದ ಸಿದ್ಧತೆಯೂ



ಡಿಸೆಂಬರ್ ತಿಂಗಳು ಬಂತೆಂದರೆ ಕ್ರೈಸ್ತ ತಂದೆತಾಯಿಗಳಿಗೆ ಎರಡು ವಿಧವಾದ ಸಿದ್ಧತೆ ಇರುವದು. ಮನೆಗೆ ಸುಣ್ಣ ಬಳಿಯುವದು, ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವದು, ಕಜ್ಜಾಯಕ್ಕೆ ಅಕ್ಕಿ ನೆನೆಸುವದು, ಬಾಗಿಲಿಗೆ ನಕ್ಷತ್ರದ ದೀಪ ಕಟ್ಟುವದು, ಇವು ಒಂದು. ಕೃತಜ್ಞತೆಯಿಂದ ಹೃದಯವನ್ನು ಸಿದ್ಧಪಡಿಸುವದು ಮತ್ತೊಂದು. ಮೊದಲನೆಯದಕ್ಕೆ ಹಣ ಸಾಲದಿದ್ದರೆ ಸಾಲ ತರುವವರುಂಟು. ಎರಡನೆಯದನ್ನು ಸಾಲವಾಗಿ ಕೊಡುವವರು ಯಾರೂ ಇಲ್ಲ.

ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿಯಾಗಿದ್ದು ಈಗ ಮೈಸೂರು ನಗರದ ಬಡಾವಣೆಯಾಗಿರುವ ದಟ್ಟಗಳ್ಳಿಯಲ್ಲಾಗಲಿ, ದೂರದ ಹಳ್ಳಿಯ ಸಭೆಗಳಲ್ಲಾಗಲಿ, ಉಪದೇಶಿಯು ಮನೆಗಳನ್ನು ಸಂಧಿಸುವಾಗ ಒಂದು ಸಂಗತಿ ತಪ್ಪದೆ ಎದುರಾಗುವದು. ಒಂದು ಮನೆಯಲ್ಲಿ ಈ ವರುಷ ತಾಯಿ ತೀರಿಕೊಂಡಿದ್ದಾಳೆ. ಇನ್ನೊಂದರಲ್ಲಿ ತಂದೆಯು ಜೀವನಕ್ಕಾಗಿ ಪರದೇಶದಲ್ಲಿದ್ದಾನೆ. ಇಂಥ ಮನೆಗಳವರು ಯಾವ ಬಾಯಿಂದ ಸ್ತೋತ್ರಮಾಡಬೇಕು? ಈ ಎರಡು ದುಃಖಗಳನ್ನೂ ಅನುಭವಿಸಿದ ಒಬ್ಬ ತಂದೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ. ಇವರು ಕನ್ನಡ ನಿಘಂಟಿನ ಕರ್ತೃಗಳಾದ ಫರ್ಡಿನಂಡ್ ಕಿಟ್ಟೆಲ್ ಅಯ್ಯನವರು.

ಇವರು 1832ನೆಯ ಇಸವಿಯಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸಿಯ ಸೀಮೆಯಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರಾಗಿದ್ದದರಿಂದ ದೇವರ ವಾಕ್ಯವು ಬಾಲ್ಯದಿಂದಲೇ ಕಿವಿಗೆ ಬೀಳುತ್ತಿತ್ತು. ಬಾಸೆಲ್ ಮಿಶನಿನ ವಿದ್ಯಾಶಾಲೆಯಲ್ಲಿ ಕಲಿತು 1853ರಲ್ಲಿ ಮಂಗಳೂರಿಗೆ ಬಂದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿಯಾದದರಿಂದ ಆಗಿನ ಪ್ರಯಾಣವು ಈಗಿನಂತೆ ಸುಲಭವಾಗಿರಲಿಲ್ಲ. ಹೊರಟವರು ತಮ್ಮವರನ್ನು ಮತ್ತೆ ಕಾಣುವೆವೆಂಬ ಭರವಸೆ ಇಲ್ಲದೆಯೇ ಹೊರಡುತ್ತಿದ್ದರು.

ಇಲ್ಲಿಗೆ ಬಂದ ಮೇಲೆ ಅವರು ಕನ್ನಡವನ್ನು ಬರೀ ಪ್ರಸಂಗದ ಉಪಕರಣವೆಂದು ಎಣಿಸದೆ, ಜನರ ಮಾತು, ಗಾದೆ, ಹಾಡು, ಹಳೆಯ ಕಾವ್ಯಗಳನ್ನೆಲ್ಲ ಶ್ರದ್ಧೆಯಿಂದ ಕಲಿತರು. 1860ರಲ್ಲಿ ಪೌಲೀನ ಐತ್ ಎಂಬವರನ್ನು ಮದುವೆಯಾದರು. ಎರಡು ವರುಷಗಳ ನಂತರ, 1862ರಲ್ಲಿ, ಅವರ ಕಥಾಮಾಲೆ ಎಂಬ ಗ್ರಂಥವು ಪ್ರಕಟವಾಯಿತು. ಯೇಸು ಸ್ವಾಮಿಯ ಚರಿತ್ರೆಯನ್ನು ಈ ನಾಡಿನ ಪದ್ಯದ ಕ್ರಮದಲ್ಲಿ ಹೇಳುವ ಗ್ರಂಥವದು. ಪರದೇಶದ ರಾಗಕ್ಕೆ ಕನ್ನಡದ ಮಾತನ್ನು ಹೊಂದಿಸುವ ಬದಲು, ಕನ್ನಡದ ಕಿವಿಗೆ ಒಪ್ಪುವಂತೆ ಆ ಚರಿತ್ರೆಯನ್ನು ಕಟ್ಟಿದರು. ವಾಕ್ಯವು ಮಾಂಸವಾಗಿ ಮನುಷ್ಯರ ನಡುವೆ ವಾಸಮಾಡಿದ ವರ್ತಮಾನವು ಆಯಾ ಜನರ ಮನೆಮಾತಿನಲ್ಲಿಯೇ ವಾಸಮಾಡಬೇಕಾದದ್ದು ಯುಕ್ತವಷ್ಟೆ.

ಆದರೆ ಆ ಮನೆಯ ಸಂತೋಷವು ಬಹುಕಾಲ ನಿಲ್ಲಲಿಲ್ಲ. 1864ರಲ್ಲಿ ಪೌಲೀನಮ್ಮನವರು ತೀರಿಕೊಂಡರು. ಮದುವೆಯಾಗಿ ನಾಲ್ಕು ವರುಷಗಳು ಮಾತ್ರ ಆಗಿದ್ದವು, ಮಕ್ಕಳು ಎಳೆಯವರು. ತಾಯಿಲ್ಲದ ಕೂಸುಗಳ ಮನೆಯಲ್ಲಿ ಆ ವರುಷದ ಕ್ರಿಸ್ಮಸ್ ಹಬ್ಬವು ಹೇಗಿದ್ದಿತೆಂಬದನ್ನು ಅಂಥ ಮನೆಯನ್ನು ಬಲ್ಲವರು ತಾವೇ ತಿಳಿದುಕೊಳ್ಳುವರು. ಮುಂದೆ 1867ರಲ್ಲಿ ಪೌಲೀನಮ್ಮನವರ ತಂಗಿಯಾದ ಯೂಲಿಯವರನ್ನು ಅವರು ಮದುವೆಯಾದರು. ಅಕ್ಕನ ಮಕ್ಕಳಿಗೆ ತಂಗಿಯೇ ತಾಯಾದಳು.

ಆ ಬಳಿಕ ಅವರ ವಿದ್ಯೆಯ ಫಲಗಳು ಒಂದೊಂದಾಗಿ ಹೊರಬಂದವು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಶೋಧಿಸಿ ಅಚ್ಚು ಹಾಕಿಸಿದರು. ಎಲ್ಲಕ್ಕಿಂತ ದೊಡ್ಡದು ನಿಘಂಟಿನ ಕೆಲಸ. ಆರೋಗ್ಯ ಕೆಟ್ಟು 1877ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರೂ, ಕನ್ನಡಿಗರ ಸಹಾಯವಿಲ್ಲದೆ ಆ ಕೆಲಸ ತೀರದೆಂದು ಕಂಡುಬಂತು. ಹೀಗಿರಲಾಗಿ, ಐವತ್ತು ದಾಟಿದ ಮೇಲೆ, 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಪುನಃ ಈ ದೇಶಕ್ಕೆ ಬಂದರು. 1892ರ ವರೆಗೂ ಇಲ್ಲಿಯೇ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಶಬ್ದಗಳ ಆ ನಿಘಂಟು ಪ್ರಕಟವಾಯಿತು. ಪಂಡಿತರ ಶಬ್ದಗಳ ಸಂಗಡ ಹೊಲದವರ, ಅಂಗಡಿಯವರ, ಅಡಿಗೆಮನೆಯ ಶಬ್ದಗಳೂ ಗಾದೆಗಳೂ ಅದರಲ್ಲಿ ಸೇರಿವೆ.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ನಮಗೆ ನಿಘಂಟು ದೊರಕಿದ ಆ ವರುಷಗಳು ಅವರ ಮಕ್ಕಳಿಗೆ ತಂದೆಯಿಲ್ಲದ ಕ್ರಿಸ್ಮಸ್ ಹಬ್ಬಗಳಾಗಿದ್ದವು. ಶಾಲೆಯ ಪ್ರಾಯಕ್ಕೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸುವ ಪದ್ಧತಿ ಆ ಕಾಲದ ಮಿಶನರಿಗಳಲ್ಲಿ ಇತ್ತು. ಆದರೂ ಪದ್ಧತಿಯೆಂಬ ಮಾತ್ರದಿಂದ ಅಗಲಿಕೆಯ ನೋವು ಕಡಿಮೆಯಾಗದು. ತಂದೆಯ ತ್ಯಾಗವನ್ನು ಹೊಗಳಿ, ಆ ತ್ಯಾಗದ ಅರ್ಧಭಾರವನ್ನು ಹೊತ್ತ ಯೂಲಿಯಮ್ಮನವರನ್ನೂ ಮಕ್ಕಳನ್ನೂ ಮರೆಯುವದು ನ್ಯಾಯವಲ್ಲ. ಎಲ್ಲ ತಂದೆಗಳೂ ಹಾಗೆಯೇ ಅಗಲಿ ಹೋಗಬೇಕೆಂದು ನಾವು ಹೇಳುವದಿಲ್ಲ. ಮಕ್ಕಳ ಬಳಿಯಲ್ಲಿರುವದೂ ದೇವರು ಕೊಟ್ಟ ಕೆಲಸವೇ. ಆದರೆ ನಮ್ಮ ಕೈಗೆ ಬಂದ ಒಳ್ಳೆಯದಕ್ಕೆ ಯಾರೋ ಒಬ್ಬರು ಎಲ್ಲಿಯೋ ಬೆಲೆ ಕೊಟ್ಟಿದ್ದಾರೆಂದು ತಿಳಿಯುವದರಿಂದಲೇ ಕೃತಜ್ಞತೆಯು ಆರಂಭವಾಗುವದು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಹೊರಬಂತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ಮಸ್ ಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗನ್ನಿನಲ್ಲಿ ದೇಹವನ್ನು ಬಿಟ್ಟರು. ಅವರ ನಿಘಂಟು ಮಾತ್ರ ನಿಲ್ಲಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದವರು ಅದನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿದರು. ಇಂದಿಗೂ ವಿದ್ವಾಂಸರು ಅದನ್ನು ತೆರೆಯುತ್ತಾರೆ.

ತಂದೆತಾಯಿಗಳೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದೇನು? ಕೃತಜ್ಞತೆಯೆಂಬದು ಕೊರತೆಯಿಲ್ಲದ ಮನೆಯವರ ಸ್ವತ್ತಲ್ಲ. ಕಥಾಮಾಲೆಯನ್ನು ಬರೆದವರ ಮನೆಗೇ ಮರಣ ಬಂತು. ಆದರೂ ಆ ಕಥೆ ಸುಳ್ಳಾಗಲಿಲ್ಲ. ಬೇತ್ಲೆಹೇಮಿನ ಮನೆವಂದಿಗರಿಗೂ ಛತ್ರದಲ್ಲಿ ಸ್ಥಳವಿರಲಿಲ್ಲ. ಮಗುವನ್ನು ಗೋದಲಿಯಲ್ಲಿ ಮಲಗಿಸಬೇಕಾಯಿತು. ಆದದರಿಂದ ಹೊಸ ಬಟ್ಟೆಗೆ ಹಣವಿಲ್ಲದಿದ್ದರೆ ಸಾಲ ಮಾಡಿ ಜನವರಿಯಲ್ಲಿ ಕೊರಗಬೇಡಿರಿ. ಹಬ್ಬದ ಮುಂಚಿನ ರಾತ್ರಿಗಳಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂಡಿಸಿ, ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಿಮ್ಮ ಬಾಯಿಂದಲೇ, ಮನೆಯಲ್ಲಿ ಆಡುವ ಮಾತಿನಲ್ಲಿಯೇ ಹೇಳಿರಿ. ಈ ವರುಷ ನಮಗಾಗಿ ದುಡಿದವರ ಹೆಸರನ್ನು ಒಬ್ಬೊಬ್ಬ ಮಗುವೂ ಹೇಳಲಿ. ತೀರಿಕೊಂಡವರ ಹೆಸರನ್ನು ಹೇಳಲು ಹೆದರಬೇಡಿರಿ; ಕಣ್ಣೀರು ಬಂದರೆ ಬರಲಿ. ದೂರವಿರುವ ತಂದೆಗೆ ಆ ರಾತ್ರಿ ಮಕ್ಕಳ ಧ್ವನಿಯನ್ನು ಕೇಳಿಸಿರಿ. ಕಿಟ್ಟೆಲ್ ಅಯ್ಯನವರಿಗೆ ಆ ಭಾಗ್ಯವಿರಲಿಲ್ಲ, ನಮಗೆ ಇದೆ.

ಹೀಗೆ ಸಿದ್ಧವಾದ ಮನೆಯ ಬಾಗಿಲಲ್ಲಿ ನಕ್ಷತ್ರದ ದೀಪ ಇದ್ದರೂ ಇಲ್ಲದಿದ್ದರೂ ಒಳಗೆ ಬೆಳಕಿರುವದು. ಕರ್ತನು ನಮ್ಮ ನಮ್ಮ ಮನೆಗಳನ್ನು ಹಾಗೆಯೇ ಸಿದ್ಧಮಾಡಲಿ. ಆಮೆನ್.